ಧರಣಿಯ ಫೋಟೊದಲ್ಲಿ ನಮ್ಮವರ ಮುಖ ಎಲ್ಲಿ?

ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ರೈತರು ಧರಣಿಗೆಂದು ಬೆಂಗಳೂರಿಗೆ ಹೋದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಸೇರುವುದು ಉಪ್ಪಾರಪೇಟೆ ಪೊಲೀಸ್ ಠಾಣೆ ವ್ಯಾಪ್ತಿಯ ಫ್ರೀಡಂ ಪಾರ್ಕ್‌ನಲ್ಲಿ. ಅದು ಹಳೆಯ ಸೆಂಟ್ರಲ್ ಜೈಲಿನ ಜಾಗ. ಮರುದಿನ ಬರುವ ಫೋಟೊಗಳು ಮಾತ್ರ ಹೆಚ್ಚುಕಮ್ಮಿ ಒಂದೇ ತರಹ: ಮೇಲಿನಿಂದ ತೆಗೆದ ಗುಂಪು, ಟ್ರಾಫಿಕ್ ಜಾಮ್, ಇಲ್ಲವೇ ಮೈಕ್ ಹಿಡಿದ ಮುಖಂಡರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರ ಮುಖ ಕಾಣುವುದು ಅಪರೂಪ.

ಇದು ಸಣ್ಣ ವಿಷಯವಲ್ಲ. ಬರೀ ಗುಂಪು ಕಂಡರೆ ಓದುವವರಿಗೆ ರಸ್ತೆಯ ತೊಂದರೆ ನೆನಪಾಗುತ್ತದೆ. ಒಬ್ಬರ ಮುಖ ಕಂಡರೆ, ಇವರು ಯಾಕೆ ಬಂದರು ಎಂಬ ಪ್ರಶ್ನೆ ಹುಟ್ಟುತ್ತದೆ.

ಹೀಗೆ ನೋಡುವುದನ್ನು ನಾವು ಕಲಿಯಬೇಕಾದದ್ದು ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರಿಂದ. 'ಲೈಫ್' ಪತ್ರಿಕೆಗೂ ಫೋಟೊ ಕೊಟ್ಟವರು, 1977ರಲ್ಲಿ ಪದ್ಮಶ್ರೀ ಪಡೆದವರು. ನೆಹರೂ ಅವರಂಥ ದೊಡ್ಡವರ ಫೋಟೊ ತೆಗೆದರೂ ಅವರ ಹೆಸರು ಉಳಿದಿರುವುದು ಸಾಮಾನ್ಯ ಜನರ, ಅದರಲ್ಲೂ ಮಕ್ಕಳ ಚಿತ್ರಗಳಿಂದ. ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನ ಕಂಡವು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಆದರೆ ಅಯ್ಯೋ ಪಾಪ ಅನ್ನಿಸುವಂತೆ ಅಲ್ಲ. ನಮ್ಮ ಪಕ್ಕದ ಮನೆಯವರಂತೆ ಕಾಣುತ್ತಾರೆ.

ಕಾಯುವುದನ್ನು ಕಲಿಯಲು ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರಾಗಿದ್ದ ಟಿ.ಎನ್.ಎ. ಪೆರುಮಾಳ್ ಅವರ ಮಾದರಿ ಇದೆ. ಹಕ್ಕಿಗೆ ತೊಂದರೆ ಕೊಡದೆ ಚಿತ್ರ ತೆಗೆಯಬೇಕಾದರೆ ತಾಳ್ಮೆ ಬೇಕು. ಮನುಷ್ಯರ ವಿಷಯದಲ್ಲಿ ನಮಗೆ ಅಷ್ಟಾದರೂ ತಾಳ್ಮೆ ಬೇಡವೇ?

ಅದಕ್ಕೆ ನಮ್ಮದೊಂದು ಮಾತು. ಈ ಸಲ ನಿಮ್ಮೂರಿನಿಂದ ಧರಣಿಗೆ ಹೋಗುವವರು ಫೋನನ್ನು ವೇದಿಕೆಯ ಕಡೆಯಿಂದ ತಿರುಗಿಸಿ. ನೆಲದ ಮೇಲೆ ಕೂತವರ ಎದುರು ನೀವೂ ಕೂತುಕೊಳ್ಳಿ. ಮೊದಲು ಮಾತಾಡಿ, ಕೇಳಿ, ಆಮೇಲೆ ತೆಗೆಯಿರಿ. ಮುಖ ತೋರಿಸಿದರೆ ಕೆಲಸಕ್ಕೆ ಕುತ್ತು ಬರಬಹುದೆಂಬ ಭಯ ಕೆಲವರಿಗೆ ಇರುತ್ತದೆ. ಬೇಡ ಎಂದರೆ ಬಿಡಿ. ಅವರು ಒಪ್ಪಿದರೆ ಕೈಯನ್ನೋ ಬುತ್ತಿ ಚೀಲವನ್ನೋ ತೆಗೆಯಿರಿ, ಅದೂ ಕಥೆ ಹೇಳುತ್ತದೆ. ಮುಖ ತೋರಿಸಲು ಒಪ್ಪಿದವರ ಹೆಸರು, ಊರು, ಬೇಡಿಕೆ ಮೂರನ್ನೂ ಫೋಟೊದ ಕೆಳಗೆ ಬರೆಯಿರಿ.

ನೂರು ಫೋಟೊ ಬೇಡ, ಅಂಥದ್ದು ಒಂದು ಸಾಕು.