"ಗಾಡಿ ಹಳೇದು ಸಾರ್"

ಮೈಸೂರಿನ ದೇವರಾಜ ಮೊಹಲ್ಲಾದ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಈಚೆಗೆ ಒಂದು ಗ್ಯಾರೇಜಿನ ಮಾತು ಬಂತು. ಅಲ್ಲಿ ಒಂದು ಕಾರಿಗೆ ಇಂಜಿನ್ ಆಯಿಲ್ ಬದಲಿಸುವಾಗ ಡ್ರೈನ್ ಪ್ಲಗ್ಗನ್ನು ಸರಿಯಾಗಿ ಬಿಗಿದಿರಲಿಲ್ಲ. ದಾರಿಯುದ್ದಕ್ಕೂ ಆಯಿಲ್ ಸೋರಿ ಇಂಜಿನ್ ಸೀಜ್ ಆಯಿತು. ಗ್ಯಾರೇಜಿನ ಯಜಮಾನರು ಗಾಡಿಯನ್ನು ಟೋ ಮಾಡಿಸಿ ತಂದು, ಕೆಳಗೆ ಮಲಗಿ ನೋಡಿ, ತಪ್ಪು ನಮ್ಮದೇ ಎಂದು ಗಿರಾಕಿಗೆ ಹೇಳಿ, ಇಂಜಿನ್ ಕೆಲಸವನ್ನು ತಮ್ಮ ಖರ್ಚಿನಲ್ಲೇ ಮಾಡಿಕೊಟ್ಟರು. ಇದನ್ನು ಕೇಳಿದವರೊಬ್ಬರು, "ವ್ಯವಹಾರ ಗೊತ್ತಿಲ್ಲದ ಮನುಷ್ಯ. ಗಾಡಿ ಹಳೇದು ಸಾರ್ ಅಂದಿದ್ರೆ ಮುಗಿದುಹೋಗ್ತಿತ್ತು" ಎಂದರು. ಸುತ್ತ ನಿಂತಿದ್ದವರು ತಲೆಯಾಡಿಸಿದರು.

ತಲೆಯಾಡಿಸಿದ್ದೇ ನನ್ನನ್ನು ಕಾಡಿತು. ಒಬ್ಬರ ಬಾಯಲ್ಲಿ ಬಂದ ಮಾತನ್ನು ಮರೆಯಬಹುದು; ಎಲ್ಲರೂ ಒಪ್ಪಿದರೆ ಅದು ಊರಿನ ಅಭಿಪ್ರಾಯವಾಗುತ್ತದೆ. ಆ ಅಭಿಪ್ರಾಯ ತಪ್ಪು ಎನ್ನುವುದು ನನ್ನ ವಾದ. ಆ ಯಜಮಾನರು ವ್ಯವಹಾರ ಗೊತ್ತಿದ್ದೇ ಹಾಗೆ ಮಾಡಿದರು. ದುರಸ್ತಿ ಎಂಬ ಕಸುಬು ಯಾವ ನೆಲದ ಮೇಲೆ ನಿಂತಿದೆ ಎನ್ನುವುದು ತಲೆಯಾಡಿಸಿದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮೊದಲು ಆ ತಪ್ಪು ಎಂಥದ್ದೆಂದು ನೋಡಬೇಕು. ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪ್ ಇರುತ್ತದೆ, ಅದರ ಕೆಳಗೆ ಹೆಬ್ಬೆರಳು ಗಾತ್ರದ ಒಂದು ಬೋಲ್ಟು, ಅದಕ್ಕೊಂದು ವಾಷರ್. ಹಳೇ ಆಯಿಲ್ ಇಳಿಸಿ, ವಾಷರ್ ಹೊಸದು ಹಾಕಿ, ಬೋಲ್ಟನ್ನು ಹದವಾಗಿ ಬಿಗಿದು, ಮೇಲಿನಿಂದ ಮೂರು ನಾಲ್ಕು ಲೀಟರ್ ಹೊಸ ಆಯಿಲ್ ಹುಯ್ದರೆ ಕೆಲಸ ಮುಗಿಯಿತು. ಲೇಬರ್ ಕೆಲವೇ ನೂರು ರೂಪಾಯಿ. ಬೋಲ್ಟನ್ನು ಕೈಯಲ್ಲಿ ತಿರುಗಿಸಿಟ್ಟು, ಸ್ಪ್ಯಾನರ್ ಹಾಕುವಷ್ಟರಲ್ಲಿ ಯಾರೋ ಕರೆದರೆಂದು ಎದ್ದುಹೋದರೆ, ಅದು ಓಡುವ ಗಾಡಿಯ ನಡುಕಕ್ಕೆ ಸಡಿಲವಾಗುತ್ತ ಹೋಗುತ್ತದೆ. ಕ್ರ್ಯಾಂಕ್ ಶಾಫ್ಟಿಗೂ ಅದರ ಬೇರಿಂಗಿಗೂ ನಡುವೆ ಇರುವುದು ಆಯಿಲಿನ ತೆಳುವಾದ ಪದರ ಮಾತ್ರ. ಅದು ಹೋದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಕಚ್ಚಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ನೋಡಿ ಗಾಡಿ ನಿಲ್ಲಿಸುವಷ್ಟರಲ್ಲಿ ಎಷ್ಟೋ ಸಲ ಕಾಲ ಮಿಂಚಿರುತ್ತದೆ. ಆಮೇಲೆ ಇಂಜಿನ್ ಇಳಿಸಬೇಕು, ಬಿಚ್ಚಬೇಕು, ಕ್ರ್ಯಾಂಕನ್ನು ಲೇತಿಗೆ ಕಳಿಸಬೇಕು, ಬೇರಿಂಗ್ ತರಿಸಬೇಕು. ಕೆಲವು ನೂರರ ಕೆಲಸದಲ್ಲಾದ ತಪ್ಪಿಗೆ ಹತ್ತಾರು ಸಾವಿರದ ಬಿಲ್ಲು.

ಇಲ್ಲಿ ಎದುರು ವಾದಕ್ಕೆ ಬಲವಿದೆ, ಅದನ್ನು ಹಗುರವಾಗಿ ತಳ್ಳಲಾರೆ. ದೊಡ್ಡ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಜಾಬ್ ಕಾರ್ಡಿದೆ, ಮ್ಯಾನೇಜರಿದ್ದಾರೆ, ನಷ್ಟ ತಾಳುವ ತಿಜೋರಿಯಿದೆ. ಬಾಡಿಗೆ ಮಳಿಗೆಯಲ್ಲಿ ಇಬ್ಬರು ಹುಡುಗರನ್ನು ಇಟ್ಟುಕೊಂಡು ನಡೆಸುವ ಗ್ಯಾರೇಜಿಗೆ ಇವೇನೂ ಇಲ್ಲ. ಬಾಡಿಗೆ, ಕರೆಂಟು, ಸಂಬಳ, ಬಿಡಿಭಾಗದ ಅಂಗಡಿಯ ಬಾಕಿ ಕಳೆದು ತಿಂಗಳಿಗೆ ಉಳಿಯುವುದೇ ಅಷ್ಟಕ್ಕಷ್ಟೆ. ಒಂದು ಇಂಜಿನ್ನಿನ ಖರ್ಚು ತಲೆ ಮೇಲೆ ಬಿದ್ದರೆ ಮಗಳ ಕಾಲೇಜಿನ ಫೀಸು ನಿಲ್ಲುತ್ತದೆ. ಸತ್ಯ ಹೇಳು ಎಂದು ಅಂಥವರಿಗೆ ಉಪದೇಶ ಮಾಡುವವರು ಆ ಖರ್ಚಿನಲ್ಲಿ ಒಂದು ರೂಪಾಯಿಯನ್ನೂ ಹೊರುವುದಿಲ್ಲ. ತಪ್ಪೊಪ್ಪಿಗೆ ಬಡವರಿಗೆ ದುಬಾರಿ, ಸಿರಿವಂತರಿಗೆ ಅಗ್ಗ. ಈ ಅನ್ಯಾಯ ನಿಜ.

ಆದರೆ ಈ ವಾದದಿಂದ ಸಿದ್ಧವಾಗುವುದು ನಷ್ಟ ದೊಡ್ಡದು ಎಂಬುದಷ್ಟೇ. ಆ ನಷ್ಟವನ್ನು ಗಿರಾಕಿಯೇ ಹೊರಬೇಕು ಎಂಬುದು ಅದರಿಂದ ಹೊರಡುವುದಿಲ್ಲ. ಇಂಜಿನ್ ಕೆಟ್ಟಾಗಿದೆ, ದುಡ್ಡು ಯಾರದ್ದಾದರೂ ಹೋಗಲೇಬೇಕು. "ಗಾಡಿ ಹಳೇದು" ಎಂದಾಗ ಅದು ಮಾಯವಾಗುವುದಿಲ್ಲ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ದಾಟುತ್ತದೆ. ದಾಟಿಸಿಕೊಂಡವರೂ ಬಹುಪಾಲು ಸಂಬಳದ ಜನ, ಟ್ಯಾಕ್ಸಿ ಓಡಿಸುವವರು, ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು. ಪೂರ್ತಿ ಭರಿಸಲಾಗದಿದ್ದರೆ ದಾರಿಗಳಿವೆ: ಲೇಬರ್ ನಮ್ಮದು, ಪಾರ್ಟ್ಸ್ ಖರ್ಚನ್ನು ಹಂಚಿಕೊಳ್ಳೋಣ ಎನ್ನಬಹುದು, ಕಂತಿನಲ್ಲಿ ತೀರಿಸುತ್ತೇನೆ ಎನ್ನಬಹುದು, ಗುಜರಿಯಿಂದ ಒಳ್ಳೆಯ ಹಳೇ ಇಂಜಿನ್ ತಂದು ಕೂರಿಸಬಹುದು, ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾವಣೆ ಮಾಡಿಸುವ ಜವಾಬ್ದಾರಿಯನ್ನೂ ಹೊತ್ತು. ಈ ಮಾತುಕತೆಗೆಲ್ಲ ಮೊದಲ ಮೆಟ್ಟಿಲು ಒಂದೇ, ಆದದ್ದನ್ನು ಆದಂತೆ ಹೇಳುವುದು.

ಗಿರಾಕಿಗೆ ಗೊತ್ತಾಗುವುದಿಲ್ಲವಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಜೇಬುಗಳ್ಳನೂ ಅದನ್ನೇ ಹೇಳುತ್ತಾನೆ.

ಗೊತ್ತಾಗುವುದಿಲ್ಲ ಎಂಬುದೇ ಈ ಕಸುಬಿನ ಮರ್ಮ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಲೇಖನ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಕೆಟ್ಟ ಸರಕು ಒಳ್ಳೆಯ ಸರಕನ್ನು ಮಾರುಕಟ್ಟೆಯಿಂದಲೇ ಓಡಿಸುತ್ತದೆ ಎಂದು ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ದುರಸ್ತಿಯಲ್ಲಿ ಈ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿದೆ. ಹಳೇ ಕಾರು ಕೊಂಡವನಿಗೆ ಓಡಿಸುತ್ತ ಓಡಿಸುತ್ತ ಅದರ ಬಂಡವಾಳ ತಿಳಿಯುತ್ತದೆ. ಗೇರ್ ಬಾಕ್ಸ್ ನಿಜವಾಗಿ ಬಿಚ್ಚಿದರೋ, ಬಿಚ್ಚಬೇಕಿತ್ತೋ, ಬಿಚ್ಚುವಾಗ ಏನಾದರೂ ಮುರಿದರೋ, ದುಡ್ಡು ಕೊಟ್ಟ ಮೇಲೂ ನಮಗೆ ತಿಳಿಯುವುದಿಲ್ಲ. ಹೀಗಾಗಿ ಗ್ಯಾರೇಜಿನವರು ಸ್ಪ್ಯಾನರ್ ಹಿಡಿಯುವ ಕೈಯನ್ನು ಮಾತ್ರವಲ್ಲ, ತಮ್ಮ ಬಾಯಿಮಾತನ್ನೂ ಮಾರುತ್ತಿರುತ್ತಾರೆ. "ಬ್ರೇಕ್ ಶೂ ಇನ್ನೂ ಐದು ಸಾವಿರ ಕಿಲೋಮೀಟರ್ ಬರುತ್ತೆ, ಈಗ ಬೇಡ" ಎಂದರೆ ನಾವು ನಂಬಿ ಚಾಮುಂಡಿ ಬೆಟ್ಟ ಇಳಿಯುತ್ತೇವೆ. ಆ ಬಾಯಿ ಒಂದು ಸಲ ತನ್ನ ನಷ್ಟ ತಪ್ಪಿಸಿಕೊಳ್ಳಲು ಸುಳ್ಳು ಹೇಳಿದರೆ, ಬ್ರೇಕಿನ ಮಾತನ್ನು ನಂಬುವುದು ಹೇಗೆ?

ಮೆಕ್ಯಾನಿಕ್ಕಿನ ಮಾತು ನಂಬುವುದು ಮೈಸೂರಿಗೆ ಹೊಸದಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ಯೆಜ್ಡಿ ಬೈಕುಗಳನ್ನು ಮಾಡಿತು. ಕಾರ್ಖಾನೆ ಮುಚ್ಚಿದ ಮೇಲೂ ಆ ಬೈಕುಗಳು ಓಡುತ್ತಲೇ ಇರುವುದು ಇಲ್ಲಿಯ ಮೆಕ್ಯಾನಿಕ್ಕುಗಳಿಂದ. ಅವುಗಳದ್ದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಬೇಕು. ಇಂಜಿನ್ ಕೆಲಸ ಮುಗಿಸಿ, ಆಯಿಲ್ ಬೆರೆಸಲು ಮರೆತು, ಬರೀ ಪೆಟ್ರೋಲು ಹುಯ್ದು ಕೊಟ್ಟರೆ ಅಲ್ಯೂಮಿನಿಯಮ್ಮಿನ ಪಿಸ್ಟನ್ ಕಾದು ಹಿಗ್ಗಿ, ಬೀಡು ಕಬ್ಬಿಣದ ಬ್ಯಾರೆಲ್ಲಿಗೆ ಕಚ್ಚಿಕೊಳ್ಳುತ್ತದೆ. ಮತ್ತೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಪಿಸ್ಟನ್ ಹೊರಗೆ ತೆಗೆದರೆ ಅದರ ಪಕ್ಕದಲ್ಲಿ ಉದ್ದುದ್ದ ಗೀರುಗಳಿರುತ್ತವೆ. ಮೇಸ್ತ್ರಿಯಾದವರಿಗೆ ಆ ಗೀರುಗಳೇ ಸಾಕ್ಷಿ. ಹಳೇ ಕಾಲದ ಒಳ್ಳೆಯ ಮೆಕ್ಯಾನಿಕ್ಕುಗಳು ಬಿಚ್ಚಿದ ಭಾಗವನ್ನು ಗೋಣಿಚೀಲದ ಮೇಲಿಟ್ಟು ಗಿರಾಕಿಯನ್ನು ಕರೆದು ತೋರಿಸುತ್ತಿದ್ದುದು ಇದಕ್ಕೇ. ಈಗಿನ ಹೊಳೆಯುವ ಸರ್ವಿಸ್ ಸೆಂಟರುಗಳಲ್ಲಿ ಎಷ್ಟೋ ಕಡೆ ಗಿರಾಕಿ ಗಾಜಿನ ಆಚೆ ಕಾಫಿ ಕುಡಿಯುತ್ತ ಕೂರಬೇಕು, ಗಾಡಿಯ ಹತ್ತಿರ ಬಿಡುವುದಿಲ್ಲ. ಇದನ್ನು ಸುಧಾರಣೆ ಎನ್ನಲು ನನಗೆ ಮನಸ್ಸಿಲ್ಲ.

ಎದುರು ವಾದಗಳಲ್ಲಿ ನಾನು ಇನ್ನೂ ಹೆಚ್ಚು ಗೌರವಿಸುವುದು ಬೇರೊಂದು. ಗಾಡಿ ಕೆಲವು ಸಲ ನಿಜವಾಗಿಯೂ ಹಳೆಯದೇ. ಹದಿನೈದು ವರ್ಷ ಓಡಿದ ಕಾರಿನ ಟೈಮಿಂಗ್ ಬೆಲ್ಟು ಸರ್ವಿಸ್ ಮಾಡಿಸಿದ ಮಾರನೆಯ ದಿನ ತುಂಡಾಗಿ ವಾಲ್ವುಗಳು ಬಾಗಿದರೆ, ಅದು ಮೆಕ್ಯಾನಿಕ್ಕಿನ ಕೈತಪ್ಪೋ ಬೆಲ್ಟಿನ ಆಯುಸ್ಸೋ ಎಂದು ಖಂಡಿತವಾಗಿ ಹೇಳುವುದು ಕಷ್ಟ. ಪ್ರಾಮಾಣಿಕನಾದ ಮೆಕ್ಯಾನಿಕ್ಕಿಗೂ ಗೊತ್ತಾಗದೆ ಇರಬಹುದು. ಎಲ್ಲದಕ್ಕೂ ತಪ್ಪಾಯಿತು ಎಂದು ಬಿಡುವುದು ಸತ್ಯವಲ್ಲ, ಬರೀ ಮೆದು ಸ್ವಭಾವ. ಇದನ್ನು ಒಪ್ಪುತ್ತೇನೆ. ಹಾಗಿದ್ದಾಗ ಗೊತ್ತಿರುವಷ್ಟನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ತುಂಡಾದ ಬೆಲ್ಟನ್ನು ಗಿರಾಕಿಯ ಕೈಗೆ ಕೊಡಬೇಕು. "ಗಾಡಿ ಹಳೇದು" ಎಂಬ ಮಾತು ಕೆಟ್ಟದ್ದಲ್ಲ. ನೋಡುವ ಮೊದಲೇ, ಬಿಚ್ಚುವ ಮೊದಲೇ ಅದು ಬಾಯಿಗೆ ಬಂದರೆ ಕೆಟ್ಟದ್ದು.

ಈ ಮಾತು ಗ್ಯಾರೇಜಿಗೆ ಮಾತ್ರ ಸೇರಿದ್ದಲ್ಲ ಎಂದು ನಮ್ಮ ಮೊಹಲ್ಲಾದವರಿಗೆ ಹೇಳಬೇಕಾಗಿಲ್ಲ. 2012ರ ಆಗಸ್ಟಿನಲ್ಲಿ ಇಲ್ಲಿಯ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು, ನವೀಕರಣದ ಕೆಲಸ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ಬಿತ್ತು. ಆಮೇಲೆ ಊರು ವರ್ಷಗಟ್ಟಲೆ ವಾದಿಸಿದ್ದು ಏನನ್ನು? ಕೆಡವಬೇಕೋ, ಉಳಿಸಬೇಕೋ. ಸಮಿತಿಗಳು ಬಂದವು, ವರದಿಗಳು ಬಂದವು, ಹೈಕೋರ್ಟಿನವರೆಗೂ ಹೋಯಿತು. ವಾದ ಅಗತ್ಯವಾದದ್ದೇ. ಆದರೆ "ಕಟ್ಟಡ ಹಳೆಯದು" ಎಂಬ ಒಂದು ಮಾತು ಎಲ್ಲವನ್ನೂ ಮುಚ್ಚಿಬಿಟ್ಟಿತು. ನೂರು ವರ್ಷದ ಗೋಡೆಯನ್ನು ನೋಡಿಕೊಳ್ಳಬೇಕಾದವರು ಯಾವ ವರ್ಷ ನೋಡಲಿಲ್ಲ, ಕೈಯಿಟ್ಟವರು ಏನನ್ನು ಅಂದಾಜು ಮಾಡದೆ ಕೈಯಿಟ್ಟರು ಎಂದು ಕೇಳುವ ದನಿ ಅಡಗಿಹೋಯಿತು. ಇಷ್ಟು ನಮ್ಮಿಂದ ತಪ್ಪಿತು ಎಂದು ಹೊಣೆಯ ಕುರ್ಚಿಯಲ್ಲಿದ್ದ ಯಾರೊಬ್ಬರೂ ಊರಿನ ಮುಂದೆ ಬಂದು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಕೋಟಿಗಳ ಕಾಮಗಾರಿ ನಡೆಸುವವರು ಆಡದ ಮಾತನ್ನು ಅದೇ ಮೊಹಲ್ಲಾದ ಒಬ್ಬ ಗ್ಯಾರೇಜಿನವರು ಆಡಿದರು. ಅವರನ್ನು ನಾವು ವ್ಯವಹಾರ ಗೊತ್ತಿಲ್ಲದವರು ಎಂದೆವು.

ಒಪ್ಪಿಕೊಳ್ಳುವುದರಲ್ಲೂ ಒಂದು ಹೇಡಿತನವಿದೆ. "ತಪ್ಪಾಗಿದೆ ಸಾರ್, ಹುಡುಗ ಮಾಡಿಬಿಟ್ಟ." ಇದು ಒಪ್ಪಿಗೆಯಲ್ಲ, ದೂರು. ಡ್ರೈನ್ ಪ್ಲಗ್ ಬಿಗಿಯದೆ ಹೋದವನು ಹದಿನೆಂಟರ ಹುಡುಗನೇ ಇರಬಹುದು. ಅವನಿಗೆ ಕೆಲಸ ಕಲಿಸಿದ್ದು ಯಾರು? ಅರ್ಧ ಕೆಲಸದಲ್ಲಿ ಟೀ ತರಲು ಕೂಗಿದ್ದು ಯಾರು? ಗಾಡಿ ಹೊರಗೆ ಹೋಗುವ ಮುಂಚೆ ಒಂದು ಸಲ ಕೆಳಗೆ ಇಣುಕಬೇಕಾದದ್ದು ಯಾರು? ಗಿರಾಕಿಯ ಎದುರಿಗೆ ಹುಡುಗನ ಕೆನ್ನೆಗೆ ಹೊಡೆದು ನ್ಯಾಯ ಮಾಡಿದೆ ಎಂದುಕೊಳ್ಳುವ ಯಜಮಾನರಿದ್ದಾರೆ, ಅದನ್ನು ನೋಡಿ ಸಮಾಧಾನಪಡುವ ಗಿರಾಕಿಗಳೂ ಇದ್ದಾರೆ. ಇಬ್ಬರಿಗೂ ನಾಚಿಕೆಯಾಗಬೇಕು. ಕೆಲಸಗಾರ ಕೆಲಸದಲ್ಲಿ ಮಾಡಿದ ತಪ್ಪಿಗೆ ಯಜಮಾನನೇ ಹೊಣೆ ಎಂಬುದು ಕಾನೂನಿನ ಹಳೆಯ ತತ್ತ್ವ. ಹೊಡೆತ ತಿಂದ ಹುಡುಗ ಕಲಿಯುವುದು ಒಂದೇ ಪಾಠ: ಮುಂದಿನ ಸಲ ಬೋಲ್ಟಿನ ದಾರ ಹಾಳಾದರೆ ಯಾರಿಗೂ ಹೇಳದೆ ಅಂಟು ಸವರಿ ಮುಚ್ಚುವುದು. ಟೊಯೋಟಾದ ಕಾರ್ಖಾನೆಗಳಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು, ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಎಳೆದವನಿಗೆ ಬೈಗುಳವಿಲ್ಲ ಎನ್ನುವುದು ಆ ಪದ್ಧತಿಯ ಜೀವಾಳ.

ಒಪ್ಪಿಕೊಂಡರೆ ಅದೇ ನಮ್ಮ ವಿರುದ್ಧ ಸಾಕ್ಷಿಯಾಗುತ್ತದೆ ಎಂದು ವಕೀಲರು ಎಚ್ಚರಿಸುತ್ತಾರೆ. ಆಗುತ್ತದೆ, ಸುಳ್ಳಲ್ಲ. ಆದರೆ ಇನ್ನೊಂದು ಮಗ್ಗುಲನ್ನೂ ಅವರು ಹೇಳಬೇಕು. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವಾ ನ್ಯೂನತೆ ಎಂದರೆ ಕೆಲಸದಲ್ಲಿ ತೋರಿದ ನಿರ್ಲಕ್ಷ್ಯ ಮಾತ್ರವಲ್ಲ. ಸಂಬಂಧಪಟ್ಟ ಮಾಹಿತಿಯನ್ನು ಬೇಕೆಂದೇ ಗ್ರಾಹಕರಿಂದ ಬಚ್ಚಿಡುವುದೂ ನ್ಯೂನತೆಯೇ. ತಪ್ಪು ಮಾಡಿ ಮುಚ್ಚಿಟ್ಟವರು ಎರಡು ತಪ್ಪು ಮಾಡಿದ ಹಾಗೆ. ಇನ್ನು, ಹೇಳಿದರೆ ಮೊಕದ್ದಮೆ ಹೆಚ್ಚುತ್ತದೆ ಎಂಬ ಹೆದರಿಕೆ. ಇದನ್ನು ಹೆಚ್ಚು ಅಪಾಯದ ಕ್ಷೇತ್ರದಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದೀಚೆಗೆ ಚಿಕಿತ್ಸೆಯಲ್ಲಾದ ತಪ್ಪನ್ನು ತಾವಾಗಿಯೇ ರೋಗಿಗೆ ತಿಳಿಸಿ ಪರಿಹಾರ ಕೊಡುವ ಪದ್ಧತಿಗೆ ಬಂದವು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಮೇಲೆ ಮೊಕದ್ದಮೆಗಳು ಇಳಿದವು, ಖರ್ಚೂ ಇಳಿಯಿತು. ಪ್ರಾಣದ ವಿಷಯದಲ್ಲಿ ಸಾಧ್ಯವಾದದ್ದು ಪಿಸ್ಟನ್ನಿನ ವಿಷಯದಲ್ಲಿ ಏಕೆ ಅಸಾಧ್ಯ?

ಗಿರಾಕಿಗಳ ಪಾಲು ಇದರಲ್ಲಿ ಕಡಿಮೆಯಿಲ್ಲ. ಇನ್ನೂರು ರೂಪಾಯಿಗೆ ಚೌಕಾಸಿ ಮಾಡುತ್ತೇವೆ, ಸಂಜೆಯೊಳಗೆ ಗಾಡಿ ಬೇಕು ಎಂದು ಫೋನಿನ ಮೇಲೆ ಫೋನು ಮಾಡುತ್ತೇವೆ, ಜಿಎಸ್‌ಟಿ ತಪ್ಪಿಸಿಕೊಳ್ಳಲು ಬಿಲ್ಲೇ ಬೇಡ ಎನ್ನುತ್ತೇವೆ. ಒಬ್ಬರು ಧೈರ್ಯ ಮಾಡಿ "ನಮ್ಮಿಂದ ತಪ್ಪಾಯ್ತು" ಎಂದ ಮರುಕ್ಷಣ ವಿಡಿಯೋ ಮಾಡಿ ಊರಿಗೆಲ್ಲ ಹಂಚುತ್ತೇವೆ. ಒಪ್ಪಿಕೊಂಡವರಿಗೆ ಶಿಕ್ಷೆ, ಮುಚ್ಚಿಟ್ಟವರಿಗೆ ಮುಂದಿನ ಸರ್ವಿಸ್. ಇದು ನಾವೇ ಮಾಡಿಟ್ಟ ವ್ಯವಸ್ಥೆ.

ಆದ್ದರಿಂದ ಗಾಡಿ ಇರುವವರಲ್ಲಿ ನನ್ನ ವಿನಂತಿ. ಕೆಲಸಕ್ಕೆ ಬೇಕಾದಷ್ಟು ಸಮಯ ಕೊಡಿ. ಬಿಲ್ ಕೇಳಿ, ಬಿಲ್ ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಚ್ಚಿದ ಹಳೇ ಪಾರ್ಟನ್ನು ಕೇಳಿ ಪಡೆದುಕೊಳ್ಳಿ. ಸುಳ್ಳು ಹೇಳಿದವರ ಮೇಲೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ತಪ್ಪನ್ನು ಒಪ್ಪಿ ಸರಿಪಡಿಸಿಕೊಟ್ಟವರು ಸಿಕ್ಕರೆ ಮುಂದಿನ ಸರ್ವಿಸ್ಸಿಗೂ ಗಾಡಿಯನ್ನು ಅವರ ಹತ್ತಿರವೇ ಬಿಡಿ, ನಿಮ್ಮ ಬಳಗದವರಿಗೂ ಅವರ ಗ್ಯಾರೇಜಿನ ದಾರಿ ಹೇಳಿ.