ಸವಳು ಗದ್ದೆಯಲ್ಲಿ ನಡೆಯಲಿ ಸಂಶೋಧನೆ

ಬೇಸಿಗೆ ಭತ್ತದ ಕಟಾವು ಮುಗಿದು ಗದ್ದೆ ಒಣಗುತ್ತಿದ್ದಂತೆ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಸುತ್ತಲಿನ ತಗ್ಗು ಹೊಲಗಳಲ್ಲಿ ಬದುವಿನ ಅಂಚಿಗೆ, ಟ್ರ್ಯಾಕ್ಟರ್ ಗಾಲಿಯ ಜಾಡಿನ ಉದ್ದಕ್ಕೆ ಸುಣ್ಣ ಚೆಲ್ಲಿದಂತೆ ಬಿಳಿ ಪುಡಿ ಏಳುತ್ತದೆ. ಎರೆಮಣ್ಣಿನ ಕಪ್ಪಿನ ಮೇಲೆ ಅದು ದೂರದಿಂದಲೇ ಕಣ್ಣಿಗೆ ರಾಚುತ್ತದೆ. ಅದೇ ಸವಳು. ತುಂಗಭದ್ರಾ ಯೋಜನೆಯ ಕರ್ನಾಟಕದ ಅಚ್ಚುಕಟ್ಟು ಸುಮಾರು 3.6 ಲಕ್ಷ ಹೆಕ್ಟೇರ್. ಅದರಲ್ಲಿ ಸವಳು–ಜವಳಿಗೆ ತುತ್ತಾದದ್ದು ಸುಮಾರು 96 ಸಾವಿರ ಹೆಕ್ಟೇರ್, ಅಂದರೆ ನಾಲ್ಕನೇ ಒಂದು ಪಾಲಿಗೂ ಹೆಚ್ಚು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯ ಮುನಿರಾಬಾದಿನತ್ತ ನೋಡಿತು. ಸವಳು ಹಾಗಲ್ಲ, ಸದ್ದು ಮಾಡದೆ ಏರುತ್ತದೆ. ಜೈವಿಕ ಎಂಜಿನಿಯರಿಂಗ್‌ನಲ್ಲಿ ಪಿಎಚ್‌.ಡಿ ಮಾಡುವ ನಮ್ಮ ಮಕ್ಕಳು ಇದಕ್ಕಿಂತ ದೊಡ್ಡ ಪ್ರಶ್ನೆಯನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಈ ಪ್ರಶ್ನೆಯನ್ನು ಗದ್ದೆಯಲ್ಲೇ ನಿಂತು ಬಿಡಿಸಬೇಕು, ಅದಕ್ಕೆ ಕೊಪ್ಪಳ ಜಿಲ್ಲೆಯಲ್ಲಿ ಕಾಯಂ ನೆಲೆ ಬೇಕು ಎಂಬುದು ನನ್ನ ವಾದ.

ಸವಳಿನ ಹುಟ್ಟನ್ನು ನೋಡಿದರೆ ಇದು ಒಂದೇ ವಿಭಾಗದ ಕೆಲಸವಲ್ಲ ಎಂಬುದು ತಿಳಿಯುತ್ತದೆ. ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಎತ್ತರದ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನಿಂತ ನೀರು, ಕಾಲುವೆಯಿಂದ ಸೋರಿದ ನೀರು ತಗ್ಗಿನ ಗದ್ದೆಯ ಬೇರಿನ ಮಟ್ಟಕ್ಕೆ ಬಂದು ಕೂರುತ್ತದೆ. ಬಿಸಿಲೇರಿದಾಗ ದೀಪದ ಬತ್ತಿ ಎಣ್ಣೆ ಹೀರಿದಂತೆ ಮಣ್ಣು ಆ ನೀರನ್ನು ಮೇಲಕ್ಕೆ ಹೀರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಮಣ್ಣಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಆ ಅಳತೆ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಭತ್ತದ ಇಳುವರಿ ಕುಸಿಯತೊಡಗಿ, ಮುಂದೆ ಪ್ರತಿ ಒಂದು ಡೆಸಿಸೀಮನ್ಸ್ ಏರಿಕೆಗೂ ಶೇ 12ರಷ್ಟು ಕಡಿಮೆಯಾಗುತ್ತದೆ. ಜೋಳ ಸುಮಾರು 6.8ರವರೆಗೆ, ಹತ್ತಿ 7.7ರವರೆಗೆ ತಡೆದುಕೊಳ್ಳುತ್ತವೆ. ಯೋಜನೆ ರೂಪಿಸಿದವರು ಈ ಅಚ್ಚುಕಟ್ಟಿನ ಬಹುಪಾಲಿಗೆ ಗೊತ್ತುಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನೇ. ಹಾಗಿದ್ದೂ ಸವಳು ಹತ್ತಿದ ಗದ್ದೆಯ ರೈತ ಭತ್ತವನ್ನೇ ಹಿಡಿದಿದ್ದಾನೆ, ಅದಕ್ಕೆ ಕಾರಣವಿದೆ. ನಿಂತ ನೀರು ಉಪ್ಪನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಬೇರಿಗೆ ಗಾಳಿ ಬೇಡುವ ಜೋಳವಾಗಲಿ ಹತ್ತಿಯಾಗಲಿ ನೀರು ನಿಂತ ಜವಳಿನಲ್ಲಿ ಉಳಿಯುವುದಿಲ್ಲ. ಉಪ್ಪು, ನೀರು, ಬೇರು, ಬೇರಿನ ಸುತ್ತಲ ಸೂಕ್ಷ್ಮಜೀವಿ, ರೈತನ ಲೆಕ್ಕಾಚಾರ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಜೀವಶಾಸ್ತ್ರ ಮತ್ತು ಎಂಜಿನಿಯರಿಂಗ್ ಅನ್ನು ಒಟ್ಟಿಗೆ ಓದಿದವರಿಗೆ ಹೇಳಿಮಾಡಿಸಿದ ಕೆಲಸ ಇದು.

‘ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದ್ದೇ ಇದೆಯಲ್ಲ’ ಎನ್ನಬಹುದು. ಇದೆ, ಅದರ ಕೆಲಸ ಸಣ್ಣದಲ್ಲ. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಈ ಕೇಂದ್ರ ಕರ್ನಾಲ್‌ನ ಕೇಂದ್ರೀಯ ಲವಣ ಮಣ್ಣು ಸಂಶೋಧನಾ ಸಂಸ್ಥೆಯ ಅಖಿಲ ಭಾರತ ಯೋಜನೆಯಲ್ಲಿದೆ. ಗಂಗಾವತಿ ಸೋನಾ ತಳಿ ಬಂದದ್ದು ಇಲ್ಲಿಂದಲೇ. ಆದರೆ ಈಗಿನ ಜೈವಿಕ ಎಂಜಿನಿಯರಿಂಗ್‌ನ ಸಾಧನಗಳು, ಅಂದರೆ ಜೀನ್ ಎಡಿಟಿಂಗ್, ಸೂಕ್ಷ್ಮಜೀವಿಗಳ ವಿನ್ಯಾಸ, ಮಣ್ಣಿನೊಳಗೆ ಹೂಳುವ ಅಗ್ಗದ ಸೆನ್ಸರ್ ಇವೆಲ್ಲ ಬೆಂಗಳೂರು, ದೆಹಲಿ, ಹೈದರಾಬಾದ್‌ಗಳ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಎರಡು ಜೀನ್ ಎಡಿಟಿಂಗ್ ಭತ್ತದ ತಳಿಗಳಲ್ಲಿ ಒಂದಾದ ಪೂಸಾ ಡಿಎಸ್‌ಟಿ ರೈಸ್–1 ಉಪ್ಪು ಮತ್ತು ಬರ ತಾಳುವ ಉದ್ದೇಶದ್ದು. ಆದರೆ ಕರಾವಳಿಯ ಉಪ್ಪು ಬೇರೆ, ಪಂಜಾಬಿನ ಕ್ಷಾರ ಮಣ್ಣು ಬೇರೆ, ಒಣಗಿದರೆ ಕೈ ತೂರುವಷ್ಟು ಬಿರಿದು ನೀರು ಬಿದ್ದರೆ ಅಂಟಾಗುವ ಗಂಗಾವತಿಯ ಎರೆ ಬೇರೆ. ಇಲ್ಲಿಯ ಗದ್ದೆಯಲ್ಲಿ ಹಲವು ಹಂಗಾಮು ಬೆಳೆದು ನೋಡದೆ ಯಾವ ತಳಿಗೂ ಇಲ್ಲಿಯ ಸವಳನ್ನು ತಾಳುತ್ತದೆ ಎಂಬ ಪ್ರಮಾಣಪತ್ರ ಕೊಡಲಾಗದು.

‘ವಿಜ್ಞಾನಕ್ಕೆ ಊರಿಲ್ಲ, ಸಂಶೋಧಕನನ್ನು ಒಂದು ತಾಲ್ಲೂಕಿಗೆ ಕಟ್ಟಿಹಾಕಬೇಡಿ’ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಭತ್ತದ ಉಪ್ಪು ಸಹಿಷ್ಣುತೆಯ ಬಗ್ಗೆ ಜಗತ್ತು ಇಂದು ಹೆಚ್ಚಾಗಿ ನೆಚ್ಚಿರುವುದು ‘ಸಾಲ್ಟಾಲ್’ ಎಂಬ ವರ್ಣತಂತು ಭಾಗವನ್ನು. ಅದು ಸಿಕ್ಕಿದ್ದು ಕೇರಳದ ಹಿನ್ನೀರಿನ ಪೊಕ್ಕಾಲಿ ಭತ್ತದಲ್ಲಿ. ಒಂದು ಊರಿನ ರೈತರು ತಲೆಮಾರುಗಳ ಕಾಲ ಉಳಿಸಿಕೊಂಡ ಬೀಜವೇ ಜಗತ್ತಿನ ವಿಜ್ಞಾನವಾಯಿತು. ನಮ್ಮಲ್ಲಿಯೂ ಕುಮಟಾ ತಾಲ್ಲೂಕಿನ ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರಿಗೆ ಅಂಜುವುದಿಲ್ಲ. ಕಗ್ಗದ ಬೇರು ಉಪ್ಪನ್ನು ಹೇಗೆ ತಡೆಯುತ್ತದೆ, ಆ ಗುಣ ತುಂಗಭದ್ರೆಯ ಎರೆಯಲ್ಲಿ ಎಷ್ಟು ನಿಲ್ಲುತ್ತದೆ ಎಂಬ ಒಂದೇ ಪ್ರಶ್ನೆ ಹಲವು ಮಹಾಪ್ರಬಂಧಗಳಿಗೆ ಸಾಕು.

ಇದೇ ಜಿಲ್ಲೆಯಲ್ಲಿ ಕಾಲುವೆ ಹರಿಯದ ಕುಷ್ಟಗಿ, ಯಲಬುರ್ಗಾ ಕಡೆ ಪ್ರಶ್ನೆ ಬೇರೆ, ತುರ್ತು ಅಷ್ಟೇ. ಕೊಳವೆಬಾವಿ, ಹನಿ ನೀರಾವರಿ ನಂಬಿ ಬೆಳೆದ ದಾಳಿಂಬೆಗೆ ದುಂಡಾಣು ಅಂಗಮಾರಿ ಬಿದ್ದರೆ ಎಲೆಯ ಮೇಲೆ ಎಣ್ಣೆ ಚುಕ್ಕೆ ಕಾಣುತ್ತದೆ, ಆಮೇಲೆ ಕಾಯಿಯ ಮೇಲೆ ಕಪ್ಪು ಕಲೆ ಎದ್ದು ಸಿಪ್ಪೆ ಸೀಳುತ್ತದೆ. ಸೀಳಿದ ಕಾಯಿಗೆ ಮಾರುಕಟ್ಟೆಯಿಲ್ಲ. ಇದಕ್ಕೆ ರೈತರು ಸಿಂಪಡಿಸುತ್ತ ಬಂದದ್ದು ಸ್ಟ್ರೆಪ್ಟೊಮೈಸಿನ್ ಬೆರೆತ ಔಷಧ. ಅದೇ ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯಕ್ಕೂ ಔಷಧ. ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವ ಅಪಾಯ ಕಂಡು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಬೆಳೆಗಳಿಗೆ ಇದರ ಬಳಕೆ ನಿಲ್ಲಿಸುವ ಕರಡು ಆದೇಶ ಹೊರಡಿಸಿತು. ಸರಿಯಾದ ಹೆಜ್ಜೆಯೇ. ಆದರೆ ರೈತನ ಕೈಗೆ ಬದಲಿ ಏನು ಕೊಡುತ್ತೇವೆ? ಆ ದುಂಡಾಣುವನ್ನಷ್ಟೇ ಹುಡುಕಿ ಕೊಲ್ಲುವ ಫೇಜ್ ವೈರಾಣುಗಳು, ರೋಗ ಕಣ್ಣಿಗೆ ಕಾಣುವ ಮೊದಲೇ ಪತ್ತೆ ಹಚ್ಚುವ ಸರಳ ಕಿಟ್, ಇವು ಪಿಎಚ್‌.ಡಿ ಮಟ್ಟದ ಸಂಶೋಧನೆ ಬೇಡುತ್ತವೆ. ನಾಲ್ವತ್ತು ಡಿಗ್ರಿ ಬಿಸಿಲಿಗೆ ಎಲೆಯ ಮೇಲೆ ಸಿಂಪಡಿಸಿದ ಫೇಜ್ ಎಷ್ಟು ಗಂಟೆ ಬದುಕುತ್ತದೆ ಎಂಬುದಕ್ಕೆ ಉತ್ತರ ಕುಷ್ಟಗಿಯ ತೋಟದಲ್ಲೇ ಸಿಗಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸವಳು ವಿಜ್ಞಾನದ ಸೋಲಲ್ಲ, ಆಡಳಿತದ ಸೋಲು. ಬೆಳೆ ಪದ್ಧತಿ ಉಲ್ಲಂಘಿಸಿ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುವುದನ್ನು ತಡೆದರೆ ಸಾಕು, ಪಿಎಚ್‌.ಡಿ ಯಾಕೆ ಎನ್ನುವವರಿದ್ದಾರೆ. ಅರ್ಧ ನಿಜ. ಕೊನೆ ಭಾಗಕ್ಕೆ ನೀರೇ ಮುಟ್ಟದಿರುವಾಗ ಮೇಲ್ಭಾಗದಲ್ಲಿ ಗದ್ದೆ ತುಂಬ ನೀರು ನಿಲ್ಲಿಸುವುದು ಅನ್ಯಾಯ, ಅದನ್ನು ಸರಿಪಡಿಸಬೇಕಾದವರು ಸರ್ಕಾರ ಮತ್ತು ಜನ. ಆದರೆ ಅಕ್ಕಿ ಗಿರಣಿ, ಸಾಲ, ಮಾರುಕಟ್ಟೆ ಎಲ್ಲವೂ ಭತ್ತದ ಸುತ್ತ ಬೆಳೆದು ನಿಂತ ಮೇಲೆ ಒಂದು ಸುತ್ತೋಲೆಯಿಂದ ರೈತ ಜೋಳಕ್ಕೆ ಮರಳುವುದಿಲ್ಲ. ಮರಳಿದರೂ ಈಗಾಗಲೇ ಸೇರಿದ ಉಪ್ಪು ತಾನಾಗಿ ಹೋಗದು. ಅದಕ್ಕೆ ನೆಲದಡಿ ಒಂದು ಮೀಟರಿನಷ್ಟು ಆಳದಲ್ಲಿ ತೂತಿನ ಪೈಪು ಹೂತು ಉಪ್ಪುನೀರು ಬಸಿಯಬೇಕು, ಕ್ಷಾರವಿದ್ದರೆ ಜಿಪ್ಸಂ ಹಾಕಬೇಕು. ಒಬ್ಬನ ಗದ್ದೆಯ ಪೈಪು ಇನ್ನೊಬ್ಬನ ಗದ್ದೆ ದಾಟದೆ ಹಳ್ಳ ಸೇರುವುದಿಲ್ಲ. ಯಾರ ನೀರು ಯಾರ ಹೊಲಕ್ಕೆ ಎಷ್ಟು ಉಪ್ಪು ಹೊರುತ್ತಿದೆ ಎಂದು ಅಳೆದು ತೋರಿಸಿದ ದಿನ ಊರಿನ ಪಂಚಾಯ್ತಿಕಟ್ಟೆಯ ಮಾತಿಗೂ ತೂಕ ಬರುತ್ತದೆ. ಆಡಳಿತಕ್ಕೆ ಬೇಕಾದ ಈ ಸಾಕ್ಷ್ಯವನ್ನು ಸಂಶೋಧಕನೇ ಒದಗಿಸಬೇಕು.

ಕಾಲಾವಧಿಯ ತೊಡಕು ಮಾತ್ರ ನಿಜಕ್ಕೂ ಕಷ್ಟದ್ದು. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಣ್ಣು ಅಷ್ಟು ಬೇಗ ಬದಲಾಗುವುದಿಲ್ಲ. ಹಾಗಾಗಿ ಸಂಶೋಧಕ ಬದಲಾಗುತ್ತ ಹೋದರೂ ಗದ್ದೆ ಬದಲಾಗಬಾರದು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಗೋಧಿ ಹೊಲವಿದೆ; 1843ರಲ್ಲಿ ಶುರುವಾದ ಪ್ರಯೋಗ ಅಲ್ಲಿ ಇಂದಿಗೂ ನಡೆಯುತ್ತಿದೆ. ಗಂಗಾವತಿಯ ಸವಳಿನಲ್ಲೂ ಅಂಥ ಒಂದು ಕಾಯಂ ಹೊಲ ಬೇಕು. ಮೊದಲ ವಿದ್ಯಾರ್ಥಿ ಉಪ್ಪಿನ ನಕ್ಷೆ ಬರೆಯಲಿ, ಎರಡನೆಯವರು ಬಸಿಯುವಿಕೆ ಅಳೆಯಲಿ, ಮೂರನೆಯವರು ಬೇರಿನ ಸೂಕ್ಷ್ಮಜೀವಿಗಳನ್ನು ಹಿಡಿಯಲಿ. ಪ್ರತಿ ಮಹಾಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು ಊರಿನವರ ಮುಂದೆ ಓದುವುದು ಪದವಿಯ ಷರತ್ತಾಗಲಿ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗಂಗಾವತಿ ಕೇಂದ್ರ, ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೈವಿಕ ಎಂಜಿನಿಯರಿಂಗ್ ವಿಭಾಗ, ತಳಕಲ್‌ನ ಕೊಪ್ಪಳ ವಿಶ್ವವಿದ್ಯಾಲಯ ಜಂಟಿಯಾಗಿ ಮಾರ್ಗದರ್ಶನ ಮಾಡಿದರೆ ಸಾಕು. 2025ರ ಆರಂಭದಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಇತ್ತು. ಇಂಥದೊಂದು ಕೆಲಸ ವಹಿಸಿದ್ದರೆ ಆ ಮಾತೇ ಬರುತ್ತಿರಲಿಲ್ಲ. ಹಣದ ಲೆಕ್ಕವನ್ನೂ ನೋಡಿ. ಈಗಿನ ಕಿರಿಯ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋಶಿಪ್ 42,000. ಎರಡು ವರ್ಷ ಕಿರಿಯ, ಮೂರು ವರ್ಷ ಹಿರಿಯ ಎಂದರೆ ಒಬ್ಬರಿಗೆ ಐದು ವರ್ಷಕ್ಕೆ 24 ಲಕ್ಷ. ಹತ್ತು ಮಂದಿಗೆ ವರ್ಷಕ್ಕೆ ಸರಾಸರಿ 48 ಲಕ್ಷ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ಘೋಷಣೆಯಾಗುತ್ತಿರುವುದು ವರ್ಷಕ್ಕೆ 5,000 ಕೋಟಿ. ಮಂಡಳಿ ನೂರು ರೂಪಾಯಿಗೆ ಒಂದು ಪೈಸೆ ತೆಗೆದಿಟ್ಟರೆ ಈ ಹತ್ತು ಫೆಲೋಶಿಪ್ ನಡೆಯುತ್ತವೆ. ಮುಂದಿನ ಕ್ರಿಯಾಯೋಜನೆಯಲ್ಲೇ ಅದನ್ನು ಸೇರಿಸಬೇಕು.