ನೋವಿಲ್ಲದೆ ಕಳೆದುಹೋಗುವ ದೃಷ್ಟಿ

ನಾನು ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲವೂ ಜಿಲ್ಲಾ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕಣ್ಣಿನ ವಿಚಾರ ಬಂದಾಗ ಕೇಳಲಾಗುತ್ತಿದ್ದ ಪ್ರಶ್ನೆ ಒಂದೇ: ಪೊರೆ ಶಸ್ತ್ರಚಿಕಿತ್ಸೆಯ ಗುರಿ ಎಷ್ಟು, ಸಾಧನೆ ಎಷ್ಟು? ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾದಾಗ ದೇಶದಲ್ಲಿ ಅಂಧತ್ವಕ್ಕೆ ಪೊರೆಯೇ ಮುಖ್ಯ ಕಾರಣವಾಗಿತ್ತು. ಇಂದಿಗೂ ಅದೇ ಮುಖ್ಯ ಕಾರಣ. ಆದ್ದರಿಂದ ಆ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಆದರೆ ನಮೂನೆಯಲ್ಲಿ ಕಾಲಂ ಇಲ್ಲದ ರೋಗ ಆಡಳಿತದ ಗಮನಕ್ಕೆ ಬರುವುದೇ ಇಲ್ಲ. ಅಕ್ಷಿಪಟಲದ, ಅಂದರೆ ರೆಟಿನಾದ ಕಾಯಿಲೆಗಳಿಗೆ ಆಗಿರುವುದು ಇದೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜು ಮಾಡಿತು. ಅದಕ್ಕೂ ಮುನ್ನ 2015-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ದಾಟಿದ ಮಧುಮೇಹಿಗಳ ಪೈಕಿ ಶೇ 16.9ರಷ್ಟು ಮಂದಿಗೆ, ಎಂದರೆ ಸುಮಾರು ಆರರಲ್ಲಿ ಒಬ್ಬರಿಗೆ, ಡಯಾಬಿಟಿಕ್ ರೆಟಿನೋಪಥಿ ಕಂಡುಬಂದಿತ್ತು. ಮಧುಮೇಹವಿದೆಯೆಂದು ಗೊತ್ತಿದ್ದವರಲ್ಲೂ ಬಹುಪಾಲು ಮಂದಿ ಅಕ್ಷಿಪಟಲದ ತಪಾಸಣೆಯನ್ನು ಎಂದೂ ಮಾಡಿಸಿಕೊಂಡಿರಲಿಲ್ಲ.

ಆ ಬಹುಪಾಲಿನಲ್ಲಿ ನಾನೂ ಇದ್ದೆ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷವಾಗಿತ್ತು. ಪ್ರತಿವರ್ಷ ಕನ್ನಡಕದ ಅಂಗಡಿಯಲ್ಲಿ ಅಕ್ಷರಗಳ ಫಲಕದ ಕೊನೆಯ ಸಾಲನ್ನು ಓದಿ, ಕಣ್ಣು ಚೆನ್ನಾಗಿದೆಯೆಂದು ಮನೆಗೆ ಬರುತ್ತಿದ್ದೆ. ಚಾಳೀಸು ಬದಲಿಸಲೆಂದು ಹೋದಾಗ ನೇತ್ರತಜ್ಞರೊಬ್ಬರು ಪಾಪೆ ಹಿಗ್ಗಿಸುವ ಹನಿ ಹಾಕಿ ಕಣ್ಣಿನ ಒಳಭಿತ್ತಿಯನ್ನು ನೋಡಿದರು. ಎರಡೂ ಕಣ್ಣುಗಳಲ್ಲಿ ರಕ್ತದ ಚುಕ್ಕೆಗಳಿದ್ದವು. ಅಂದೂ ನಾನು ಕೊನೆಯ ಸಾಲನ್ನು ಸಲೀಸಾಗಿ ಓದಿದ್ದೆ.

ಈ ರೋಗದ ಮೋಸ ಇರುವುದೇ ಇಲ್ಲಿ. ಮೊದಲಿಗೆ ಸೂಕ್ಷ್ಮ ರಕ್ತನಾಳಗಳ ಗೋಡೆ ದುರ್ಬಲವಾಗಿ ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಕೆಂಪು ಉಬ್ಬುಗಳು ಮೂಡುತ್ತವೆ. ಅವು ಒಡೆದರೆ ರಕ್ತದ ಚುಕ್ಕೆ, ಸೋರಿದರೆ ಕೊಬ್ಬು ಹೆಪ್ಪುಗಟ್ಟಿದ ಹಳದಿ ಕಲೆ. ರಕ್ತ ತಲುಪದ ಕಡೆ ಹತ್ತಿಯ ಎಳೆಯಂತಹ ಬಿಳಿ ಮಚ್ಚೆ. ಇಷ್ಟಾದರೂ ರೋಗಿಗೆ ಏನೂ ಅನ್ನಿಸದಿರಬಹುದು. ಉಸಿರುಗಟ್ಟಿದ ಅಕ್ಷಿಪಟಲ ಮುಂದೆ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ತೀರ ದುರ್ಬಲ. ಒಡೆದ ದಿನ ಕಣ್ಣೊಳಗೆ ರಕ್ತ ತುಂಬಿ ನೋಟಕ್ಕೆ ಕತ್ತಲೆ ಕವಿಯುತ್ತದೆ. ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಊದಿಕೊಂಡರಂತೂ ಓದು, ಎದುರಿನವರ ಮುಖ ಎರಡೂ ಮಸುಕಾಗುತ್ತವೆ. ಲೇಸರ್ ಮತ್ತು ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಇದ್ದ ದೃಷ್ಟಿಯನ್ನು ಬಹುಮಟ್ಟಿಗೆ ಉಳಿಸುತ್ತವೆ. ಹೋದದ್ದನ್ನೆಲ್ಲ ಮರಳಿ ತರುವ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು.

ಅಕ್ಷಿಪಟಲದ ಎಲ್ಲ ಕಾಯಿಲೆಗಳೂ ಹೀಗೆ ಮೌನವಾಗಿರುವುದಿಲ್ಲ. ಕಣ್ಣೆದುರು ಹಠಾತ್ತನೆ ಕಪ್ಪು ಚುಕ್ಕೆಗಳ ಮಳೆ, ಮಿಂಚು, ಒಂದು ಬದಿಯಿಂದ ಪರದೆ ಇಳಿದಂತಹ ಅನುಭವವಾದರೆ ಅಕ್ಷಿಪಟಲ ಕಳಚುತ್ತಿರಬಹುದು; ಅಂದೇ ಆಸ್ಪತ್ರೆಗೆ ಹೋಗಬೇಕು. ವಯಸ್ಸಾದವರಿಗೆ ಬಾಗಿಲಿನ ನೆಟ್ಟನೆಯ ಚೌಕಟ್ಟು ಡೊಂಕಾಗಿ ಕಂಡರೆ ಮ್ಯಾಕ್ಯುಲಾದ ತೊಂದರೆಯಿರಬಹುದು. ಮಗುವಿನ ಫೋಟೋದಲ್ಲಿ ಪಾಪೆ ಬೆಳ್ಳಗೆ ಹೊಳೆದರೂ ಉದಾಸೀನ ಸಲ್ಲದು. ಅದು ಕಣ್ಣಿನ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು.

ಮಧುಮೇಹಿಗಳಿಗೆ ಇಂತಹ ಮುನ್ಸೂಚನೆ ಇಲ್ಲದಿರುವುದರಿಂದ ವ್ಯವಸ್ಥೆಯೇ ಹುಡುಕಿಕೊಂಡು ಹೋಗಬೇಕು. ಅದು ಅಸಾಧ್ಯವಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲ ರೋಗವನ್ನು ಪತ್ತೆ ಮಾಡಲು ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಚಿತ್ರಗಳನ್ನು ದೂರದಲ್ಲಿರುವ ತಜ್ಞರು ಪರಿಶೀಲಿಸುತ್ತಾರೆ. ಮಧುಮೇಹದ ರೆಟಿನೋಪಥಿಯ ಚಿತ್ರವನ್ನು ತಾನೇ ಓದಬಲ್ಲ ಯಂತ್ರಕ್ಕೆ ಅಮೆರಿಕ 2018ರಲ್ಲೇ ಅನುಮತಿ ಕೊಟ್ಟಿದೆ. ಹೀಗಿರುವಾಗ ರಕ್ತದೊತ್ತಡ, ಸಕ್ಕರೆ ಅಳೆಯುವ ತಾಲ್ಲೂಕು ಆಸ್ಪತ್ರೆಯ ಚಿಕಿತ್ಸಾಲಯದಲ್ಲೇ ಅಕ್ಷಿಪಟಲದ ಚಿತ್ರವನ್ನೂ ತೆಗೆಯುವುದು ವಾಡಿಕೆಯಾಗಬೇಕು. ವಯಸ್ಕರಲ್ಲಿ ಬರುವ ಎರಡನೆಯ ವಿಧದ ಮಧುಮೇಹವಾದರೆ ರೋಗ ಪತ್ತೆಯಾದ ಕೂಡಲೇ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲ ವಿಧವಾದರೆ ಐದು ವರ್ಷದೊಳಗೆ, ಆಮೇಲೆ ವರ್ಷಕ್ಕೊಮ್ಮೆ. ಕ್ಯಾಮೆರಾ ಖರೀದಿಸಿ ಲೇಸರ್ ಮರೆತರೆ ಮಾತ್ರ ಅದು ಮತ್ತೊಂದು ಖರೀದಿಯ ಕಡತವಾದೀತು. ಅಂತಹ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ.

ಖರ್ಚಿನ ಆಕ್ಷೇಪ ಬಂದೇ ಬರುತ್ತದೆ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಜೊತೆಗೊಬ್ಬರು ಬೇಕು. ನನ್ನಂಥ ಪಿಂಚಣಿದಾರನಿಗೆ ಅದು ಒಂದು ಮಧ್ಯಾಹ್ನದ ಮಾತು. ಕೂಲಿಗೆ ಹೋಗುವವರಿಗೆ ಅದು ಇಬ್ಬರ ಒಂದು ದಿನದ ಸಂಪಾದನೆ ಮತ್ತು ಜಿಲ್ಲಾ ಕೇಂದ್ರಕ್ಕೆ ಬಸ್ ಖರ್ಚು. ಹನಿಯಿಲ್ಲದೆಯೇ ಅನೇಕರ ಚಿತ್ರ ತೆಗೆಯಬಲ್ಲ ಕ್ಯಾಮೆರಾಗಳು ಈಗ ಇವೆ. ಮಾತ್ರೆಗೆ ಸಾಲು ನಿಂತ ದಿನವೇ, ಅದೇ ಕಟ್ಟಡದಲ್ಲಿ ಈ ಪರೀಕ್ಷೆಯೂ ಮುಗಿಯದಿದ್ದರೆ ಅವರು ಎರಡನೆಯ ಸಲ ಬರುವುದಿಲ್ಲ.